ಚೀಟಿ ಒದ್ದೆಯಾದದ್ದಕ್ಕೆ 500 ರೂಪಾಯಿ: ಪಾರ್ಕಿಂಗ್ ದಂಡ ವಾಪಸ್ ತರಿಸಿದ ನನ್ನ ಅನುಭವ

2025ರ ನವೆಂಬರಿನಲ್ಲಿ ನನ್ನ ಖಾತೆಗೆ 6,500 ರೂಪಾಯಿ ಬಂದು ಬಿತ್ತು. ಅದರಲ್ಲಿ 500 ನನ್ನದೇ ದುಡ್ಡು. ಮಂಗಳೂರಿನ ಹಂಪನಕಟ್ಟೆ ಆಸುಪಾಸಿನ ಒಂದು ವಾಣಿಜ್ಯ ಕಟ್ಟಡದ ಪಾರ್ಕಿಂಗ್ ಗುತ್ತಿಗೆದಾರರು ಹದಿನಾರು ತಿಂಗಳ ಹಿಂದೆ "ಚೀಟಿ ಕಳೆದ ದಂಡ" ಅಂತ ವಸೂಲು ಮಾಡಿದ್ದು. ಉಳಿದದ್ದು ಜಿಲ್ಲಾ ಗ್ರಾಹಕ ಆಯೋಗ ಕೊಡಿಸಿದ 4,000 ಪರಿಹಾರ, 2,000 ಕೇಸಿನ ಖರ್ಚು. ನಾನು ವಕೀಲರನ್ನು ಇಟ್ಟಿರಲಿಲ್ಲ. ದೂರು ಬರೆದದ್ದು ನಾನು, ವಾದ ಮಾಡಿದ್ದು ನಾನು.

ಶುರುವಿನಲ್ಲಿ ಒಬ್ಬರೂ ನಂಬಲಿಲ್ಲ. ಜೊತೆಗೆ ಕೆಲಸ ಮಾಡುವವ "ಐನೂರು ರೂಪಾಯಿಗೆ ಕೇಸಾ? ನಿಕ್ಕ್ ಮರ್ಲಾ?" ಅಂತ ಕೇಳಿದ, ತುಳುವಿನಲ್ಲಿ ನಿನಗೆ ಹುಚ್ಚಾ ಅಂತ. ಭಾವ ಲೆಕ್ಕ ಹಾಕಿ ತೋರಿಸಿದರು: ವಕೀಲರಿಗೆ ಐದು ಸಾವಿರ, ನಾಲ್ಕು ದಿನ ರಜೆ, ಕೊನೆಗೆ ಸಿಗುವುದು ಸೊನ್ನೆ. ಪರಿಚಯದ ಒಬ್ಬರು ವಕೀಲರೇ "ಇಂಥದ್ದು ನಿಲ್ಲುವುದಿಲ್ಲ ಮಾರ್ರೆ, ಬೋರ್ಡು ಹಾಕಿದ್ದಾರಲ್ಲ, ನೀವು ಒಪ್ಪಿ ಒಳಗೆ ಹೋದ ಹಾಗೆ" ಅಂದರು. ಅವರೆಲ್ಲ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನಿಂತಿತು. ಹೇಗೆ ನಿಂತಿತು ಎಂಬುದನ್ನು ದಿನವೂ ಚೀಟಿ ಹಿಡಿದು ತಿರುಗುವ ನಮ್ಮಂಥವರಿಗಾಗಿ ಬರೆಯುತ್ತಿದ್ದೇನೆ.

ನಾನು ಮೆಡಿಕಲ್ ರೆಪ್. ಕಂಕನಾಡಿ, ಫಳ್ನೀರು, ಬಲ್ಮಠ, ಬಿಜೈ, ಕುಂಟಿಕಾನ ಅಂತ ದಿನಕ್ಕೆ ಏಳೆಂಟು ಕಡೆ ಕಾರು ನಿಲ್ಲಿಸುವ ಕೆಲಸ. ತಿಂಗಳಿಗೆ ಪಾರ್ಕಿಂಗಿಗೇ ಎರಡೂವರೆ ಸಾವಿರದ ಮೇಲೆ ಹೋಗುತ್ತದೆ, ಕಂಪನಿ ಕೊಡುವುದು 1,500. ಹಾಗಾಗಿ ಇದು ನನಗೆ ಹಠದ ವಿಷಯ ಆಗುವ ಮೊದಲು ದುಡ್ಡಿನ ವಿಷಯವೇ ಆಗಿತ್ತು.

ಮೊದಲು ಸೋತದ್ದು ಹೇಳುತ್ತೇನೆ.

2022ರಲ್ಲಿ ನಾನು ಹಿಡಿದ ದಾರಿ ಎಲ್ಲರೂ ಮೊದಲು ಹಿಡಿಯುವುದೇ: "ಕಟ್ಟಡದವರು ಪಾರ್ಕಿಂಗ್ ಶುಲ್ಕ ತೆಗೆದುಕೊಳ್ಳುವುದೇ ತಪ್ಪು." 2019ರಲ್ಲಿ ಗುಜರಾತ್ ಹೈಕೋರ್ಟು ಮಾಲ್‌ಗಳು ಶುಲ್ಕ ವಸೂಲು ಮಾಡುವ ಹಾಗಿಲ್ಲ ಅಂದದ್ದನ್ನು ಪ್ರಿಂಟ್ ತೆಗೆದೆ. ತೆಲಂಗಾಣದ 2018ರ ಸರ್ಕಾರಿ ಆದೇಶವನ್ನೂ ಜೋಡಿಸಿದೆ. ಮೊದಲ ಅರ್ಧ ಗಂಟೆ ಯಾರಿಗೂ ಶುಲ್ಕ ಇಲ್ಲ, ಬಿಲ್ಲು ತೋರಿಸಿದರೆ ಮತ್ತೂ ರಿಯಾಯಿತಿ ಎಂಬ ಆದೇಶ ಅದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಹದಿನೈದು ದಿನದಲ್ಲಿ ಎದುರಿನವರ ಉತ್ತರ ಬಂತು: "ದರಪಟ್ಟಿ ಪ್ರದರ್ಶಿಸಲಾಗಿದೆ." ದೂರು ಅಲ್ಲಿಗೇ ಮುಗಿಯಿತು. ಗುಜರಾತಿನ ತೀರ್ಪು ನಿಂತದ್ದು ಅಲ್ಲಿಯ ಕಟ್ಟಡ ನಿಯಮಗಳ ಮೇಲೆ, ತೆಲಂಗಾಣದ ಆದೇಶ ತೆಲಂಗಾಣಕ್ಕೆ. ನಮ್ಮ ಊರಿನ ಕಟ್ಟಡದ ವಿಷಯದಲ್ಲಿ ಅದನ್ನು ಹಿಡಿದುಕೊಂಡು ಕೂತರೆ ಉಸಿರು ಮಾತ್ರ ಹೋಗುತ್ತದೆ. ಕೇರಳದಲ್ಲಿ ಇದೇ ಪ್ರಶ್ನೆ ಹೈಕೋರ್ಟಿನವರೆಗೆ ಹೋಗಿ, ಕೊನೆಗೆ ಲೈಸೆನ್ಸ್ ಇದ್ದರೆ ಶುಲ್ಕ ತೆಗೆದುಕೊಳ್ಳಬಹುದು ಅಂತಲೇ ಆಯಿತು.

ಎರಡನೆಯದು 2023ರಲ್ಲಿ, ಚಕ್ರಕ್ಕೆ ಬೀಗ ಹಾಕಿದ್ದು. ಒಂದು ಆಸ್ಪತ್ರೆಯ ಎದುರಿನ ಖಾಸಗಿ ಜಾಗದಲ್ಲಿ ಗೆರೆ ದಾಟಿ ನಿಲ್ಲಿಸಿದ್ದೇನೆ ಅಂತ ಕ್ಲಾಂಪ್ ಹಾಕಿ 1,000 ಕೇಳಿದರು. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ನನಗೆ ಬಾಯಿಪಾಠ ಇತ್ತು. ವಾಹನವನ್ನು ಹಾಗೆ ಹಿಡಿದು ನಿಲ್ಲಿಸಲು ಅದರಲ್ಲಿ ಅನುಮತಿ ಕೊಡಬೇಕಾದವರು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಗುತ್ತಿಗೆದಾರನ ಹುಡುಗ ಅಲ್ಲ. 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಮೊತ್ತ 300ಕ್ಕೆ ಇಳಿಯಿತು. ನನಗೆ ಹನ್ನೊಂದು ಗಂಟೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇತ್ತು, ಕೊಟ್ಟು ಹೊರಟೆ. ಆಮೇಲೆ ಅದರ ಮೇಲೆ ದೂರು ಹಾಕಲು ಹೊರಟಾಗ ಎರಡು ಕಡೆ ಸಿಕ್ಕಿಬಿದ್ದೆ. ಒಂದು, ಆ 300ನ್ನು ನಾನು ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಬರೆದು ವಾಪಸ್ ಪಡೆದಿದ್ದೆ. ಹಾಗಾದರೆ ನಷ್ಟ ಯಾರದ್ದು? ನಾನು ಗ್ರಾಹಕನೋ, ನನ್ನ ಕಂಪನಿಯೋ? ಇದು ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ, ಗ್ರಾಹಕ ದೂರಿಗೆ ಬರುವುದಿಲ್ಲ ಅಂತ ಎದುರಿನವರು ಒಂದು ಸಾಲು ಬರೆದರೆ ಅದಕ್ಕೆ ಉತ್ತರ ಕೊಡುವುದರಲ್ಲೇ ಆರು ತಿಂಗಳು ಹೋಗುತ್ತದೆ. ಎರಡು, ನೋಟಿಸನ್ನು ಚೀಟಿಯ ಮೇಲಿದ್ದ ಹೆಸರಿಗೆ ಕಳುಹಿಸಿದ್ದೆ. "ವಿಳಾಸದಾರರು ಗೊತ್ತಿಲ್ಲ" ಅಂತ ಷರಾ ಬರೆದು ವಾಪಸ್ ಬಂತು. ಆ ಹೆಸರಿನ ಸಂಸ್ಥೆಯೇ ಇಲ್ಲ, ಅದು ಬೋರ್ಡಿಗೆ ಬರೆಸಿದ ಹೆಸರು ಮಾತ್ರ.

ಅಲ್ಲಿಂದ ಕಲಿತದ್ದು ಒಂದೇ: ಶುಲ್ಕದ ತಂಟೆಗೆ ಹೋಗಬಾರದು, ದಂಡವನ್ನು ಹಿಡಿಯಬೇಕು. ಶುಲ್ಕ ಎಂದರೆ ಜಾಗದ ಬೆಲೆ, ಅದನ್ನು ಅಲುಗಾಡಿಸಲು ದೊಡ್ಡ ಕೋರ್ಟು ಬೇಕು. ದಂಡ ಹಾಗಲ್ಲ. ನಿನಗೆ ಆದ ನಷ್ಟ ಎಷ್ಟು ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಮತ್ತೆ, ಹೋರಾಡುವುದಾದರೆ ಮನೆಯ ಕೆಲಸಕ್ಕೆ ಹೋದ ದಿನದ ಚೀಟಿಯ ಮೇಲೆ ಮಾತ್ರ.

ಅಂಥ ದಿನ ತಾನಾಗಿಯೇ ಬಂತು. 2024ರ ಜುಲೈ, ಒಂದು ಭಾನುವಾರ. ಹೆಂಡತಿಯ ತಂಗಿಯ ಮದುವೆಗೆ ಸೀರೆ ತೆಗೆಯಲು ಹೋಗಿದ್ದೆವು. ನಮ್ಮ ಊರಿನ ಜುಲೈ ಮಳೆ ನಿಮಗೆ ಹೇಳಬೇಕಾಗಿಲ್ಲ. ನೆಲಮಾಳಿಗೆಯಲ್ಲಿ ಕಾರು ಬಿಟ್ಟು, ಎದುರಿನ ಅಂಗಡಿಗೂ ದಾಟಿ ಬರುವಷ್ಟರಲ್ಲಿ ಅಂಗಿಯ ಕಿಸೆಯಲ್ಲಿದ್ದ ಚೀಟಿ ಒದ್ದೆಯಾಗಿ ಹಿಟ್ಟಿನ ಹಾಗೆ ಆಗಿತ್ತು. ಗೇಟಿನ ಹುಡುಗ ಸ್ಕ್ಯಾನ್ ಮಾಡಿದ, ಆಗಲಿಲ್ಲ. "ಚೀಟಿ ಇಲ್ಲ ಅಂದ್ರೆ 500, ಪಾರ್ಕಿಂಗ್ 40 ಬೇರೆ" ಅಂದ. ಅವನ ಎದುರಿನ ಪರದೆಯಲ್ಲಿ ನನ್ನ ಕಾರಿನ ನಂಬರು, ಒಳಗೆ ಬಂದ ಹೊತ್ತು, ಬಂಪರಿನ ಫೋಟೋ ಎಲ್ಲ ಕಾಣುತ್ತಿತ್ತು. ಹಿಂದೆ ಹತ್ತು ಕಾರು ಹಾರ್ನ್ ಹೊಡೆಯುತ್ತಿದ್ದವು.

ಇಲ್ಲಿ ನಾನು ಮೂರು ಕೆಲಸ ಮಾಡಿದೆ, ಮೂರೂ ಕೊನೆಗೆ ಉಪಯೋಗಕ್ಕೆ ಬಂದವು. ಕಾರಿನೊಳಗಿಂದಲೇ ಆ ಪರದೆಯ ಫೋಟೋ ತೆಗೆದೆ. ನಗದು ಕೊಡದೆ ಯುಪಿಐಯಲ್ಲಿ ಕಟ್ಟಿದೆ, ಅದೂ 500 ಬೇರೆ, 40 ಬೇರೆ. 500 ಕಟ್ಟುವಾಗ ಟಿಪ್ಪಣಿಯ ಜಾಗದಲ್ಲಿ "ತಕರಾರಿನೊಂದಿಗೆ ಪಾವತಿ, ಚೀಟಿ ಕಳೆದಿಲ್ಲ" ಅಂತ ಬರೆದೆ. ಇದು ಹೊಸ ಉಪಾಯ ಅಂತ ನನಗೆ ಹೆಮ್ಮೆ ಉಂಟು. ಆಮೇಲೆ ಬರೆದ ನೂರು ಪತ್ರಕ್ಕಿಂತ ಹಣ ಕೊಟ್ಟ ಗಳಿಗೆಯಲ್ಲೇ ಬರೆದ ನಾಲ್ಕು ಶಬ್ದಕ್ಕೆ ತೂಕ ಜಾಸ್ತಿ. "ನೀವು ಒಪ್ಪಿ ಕೊಟ್ಟಿದ್ದೀರಿ" ಎಂಬ ವಾದ ಅಲ್ಲಿಗೇ ಮುಗಿಯುತ್ತದೆ. ಮೂರನೆಯದು, ರಸೀದಿ ಕೇಳಿದ್ದು. ನಂಬರಿಲ್ಲದ ತುಂಡು ಕಾಗದದಲ್ಲಿ ಕೈಯಲ್ಲಿ ಬರೆದು ಕೊಟ್ಟರು. ಯುಪಿಐಯಲ್ಲಿ ಹಣ ಹೋದದ್ದು ಒಬ್ಬ ವ್ಯಕ್ತಿಯ ಹೆಸರಿಗೆ, ಸಂಸ್ಥೆಯ ಹೆಸರಿಗಲ್ಲ. ಅದರ ಸ್ಕ್ರೀನ್‌ಶಾಟನ್ನೂ ಇಟ್ಟುಕೊಂಡೆ.

ಹುಡುಗನ ಜೊತೆ ನಾನು ಜಗಳ ಮಾಡಲಿಲ್ಲ. ಕೊಪ್ಪಳದ ಕಡೆಯವ, ಇಪ್ಪತ್ತೂ ಆಗಿರಲಿಲ್ಲ. "ಚೀಟಿ ಲೆಕ್ಕ ತಪ್ಪಿದ್ರ ನಮ್ಮ ಪಗಾರದಾಗ ಹಿಡೀತಾರ್ರಿ ಸಾಹೇಬ್ರ" ಅಂದ. ಆ ಮಾತು ಮನಸ್ಸಿನಲ್ಲಿ ಕೂತಿತು. ದಂಡದ ದುಡ್ಡು ಗುತ್ತಿಗೆದಾರನಿಗೆ, ಭಯ ಮಾತ್ರ ಹುಡುಗನಿಗೆ. ಗೇಟಿನಲ್ಲಿ ಕೂಗಾಡುವವರಿಗೆ ನಾನು ಹೇಳುವುದು ಇಷ್ಟೇ: ಅವನ ಮೇಲೆ ಕೂಗಬೇಡಿ, ಅವನಿಗೆ ತೀರ್ಮಾನ ಮಾಡುವ ಅಧಿಕಾರವೇ ಇಲ್ಲ.

ಮನೆಗೆ ಬಂದು ಒದ್ದೆ ಚೀಟಿಯನ್ನು ಫ್ಯಾನಿನ ಕೆಳಗೆ ಒಣಗಿಸಿದೆ. ಅರ್ಧ ಅಕ್ಷರ ಕಾಣುತ್ತಿತ್ತು, ನಂಬರಿನ ಕೊನೆಯ ನಾಲ್ಕು ಅಂಕೆ ಸ್ಪಷ್ಟ ಇತ್ತು. ಇನ್ನು ಹಾಳಾಗಬಾರದು ಅಂತ ಮಾರನೆಯ ದಿನ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಶನ್ ಮಾಡಿಸಿದೆ. ಮೆಶಿನ್ನಿನಿಂದ ಹೊರಗೆ ಬಂದದ್ದು ಪೂರ್ತಿ ಕಪ್ಪು ಹಾಳೆ. ಆ ಕಾಗದ ಬಿಸಿಗೆ ಕಪ್ಪಾಗುವ ಜಾತಿ, ಅಕ್ಷರ ಮೂಡುವುದೇ ಬಿಸಿಯಿಂದ. ನನ್ನ ಮುಖ್ಯ ಸಾಕ್ಷಿ ಮೂವತ್ತು ರೂಪಾಯಿ ಕೊಟ್ಟು ಸುಟ್ಟ ಹಾಗೆ ಆಯಿತು. ಅದೃಷ್ಟಕ್ಕೆ ಒಣಗಿಸುವಾಗ ಹೆಂಡತಿ ಅಕ್ಕನಿಗೆ ತೋರಿಸಲಿಕ್ಕೆ ಅಂತ ಒಂದು ಫೋಟೋ ತೆಗೆದಿದ್ದಳು, ಅದೇ ಉಳಿಯಿತು. ದಯವಿಟ್ಟು ಯಾರೂ ಪಾರ್ಕಿಂಗ್ ಚೀಟಿ ಲ್ಯಾಮಿನೇಟ್ ಮಾಡಿಸಬೇಡಿ. ಡ್ಯಾಶ್‌ಬೋರ್ಡಿನ ಮೇಲೂ ಬಿಡಬೇಡಿ. ಆಮೇಲೆ ನಾನು ಪರೀಕ್ಷೆ ಮಾಡಿ ನೋಡಿದೆ: ಕಾರಿನ ಗಾಜಿನ ಹಿಂದೆ ಬಿಟ್ಟ ಚೀಟಿ ಸುಮಾರು ಎರಡು ವಾರದಲ್ಲಿ ಓದಲಾಗದ ಹಾಗೆ ಮಸುಕಾಯಿತು, ಪುಸ್ತಕದೊಳಗೆ ಇಟ್ಟದ್ದು ಐದು ತಿಂಗಳಾದರೂ ಚೆನ್ನಾಗಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟದ್ದು ಎರಡರ ನಡುವೆ. ಅದೇ ದಿನ ಫೋಟೋ, ಮತ್ತೆ ಒಂದು ಜೆರಾಕ್ಸ್, ಅಷ್ಟೇ ಸರಿ.

ಇನ್ನು ಎದುರುದಾರ ಯಾರು ಎಂಬ ಪ್ರಶ್ನೆ. ಹಿಂದಿನ ಸಲ ಎಡವಿದ್ದು ಇಲ್ಲಿಯೇ. ಈ ಸಲ ನನ್ನ ಹಳೆಯ ಚೀಟಿಗಳಲ್ಲಿ ಅದೇ ಕಟ್ಟಡದ್ದು ಹುಡುಕಿ ಜಿಎಸ್‌ಟಿ ಸಂಖ್ಯೆ ತೆಗೆದೆ. ಹದಿನೈದು ಅಕ್ಷರ. ಮೊದಲ ಎರಡು 29 ಎಂದರೆ ಕರ್ನಾಟಕ. ಮುಂದಿನ ಹತ್ತು ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯದು, ನೋಡಿದರೆ ಸಾಕು: ಪಿ ಇದ್ದರೆ ಒಬ್ಬ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಇಲ್ಲಿ ಪಿ ಇತ್ತು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದಾಗ ಮಾಲೀಕರ ಹೆಸರು, ವ್ಯಾಪಾರದ ವಿಳಾಸ ಎರಡೂ ಬಂತು. ಅವರ ನೋಂದಣಿಯ ಸ್ಥಿತಿ ಎಂತ ಅಂತಲೂ ಕಾಣುತ್ತದೆ, ಅದನ್ನು ನೋಡದೆ ನೋಟಿಸು ಬರೆಯಬೇಡಿ. ನೋಂದಣಿ ಇಲ್ಲದವ ತೆರಿಗೆ ಅಂತ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ, ಅದು ಜಿಎಸ್‌ಟಿ ಕಾಯ್ದೆಯ 32ನೇ ಕಲಂ.

ಇದರ ನಡುವೆ ಒಂದು ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. 200 ರೂಪಾಯಿಗಿಂತ ಕಡಿಮೆಯ ವ್ಯವಹಾರಕ್ಕೆ ತೆರಿಗೆ ಬಿಲ್ಲು ಕೊಡದಿದ್ದರೂ ನಡೆಯುತ್ತದೆ, ಆದರೆ ನೋಂದಾಯಿತ ವ್ಯಾಪಾರಿ ಗಿರಾಕಿ ಕೇಳಿದ ಮೇಲೆ ಕೊಡಲೇಬೇಕು. ಒಂದು ತಿಂಗಳು ನಾನು ಹೋದ ಕಡೆಯೆಲ್ಲ ಕೇಳಿದೆ. ಹನ್ನೆರಡು ಹದಿಮೂರು ಜಾಗ ಇರಬಹುದು. ಸರಿಯಾದ ಬಿಲ್ಲು ಸಿಕ್ಕಿದ್ದು ನಾಲ್ಕು ಕಡೆ. ಎರಡು ಕಡೆ "ಬಿಡಿ ಸರ್, ಹೋಗಿ" ಅಂತ ಶುಲ್ಕ ತೆಗೆದುಕೊಳ್ಳದೆಯೇ ಗೇಟು ಎತ್ತಿದರು. ಉಡುಪಿಯಲ್ಲಿ ಒಬ್ಬರು ಮಾತ್ರ ನಗುನಗುತ್ತಾ ಅಚ್ಚುಕಟ್ಟಾಗಿ ಬಿಲ್ಲು ಕೊಟ್ಟು, "ಕೇಳುವವರು ನೀವೊಬ್ಬರೇ" ಅಂದರು.

ನೋಟಿಸನ್ನು ಇಬ್ಬರಿಗೆ ಕಳುಹಿಸಿದೆ: ಗುತ್ತಿಗೆದಾರರಿಗೆ ಮತ್ತು ಕಟ್ಟಡದ ಮಾಲೀಕ ಸಂಸ್ಥೆಗೆ. ಈ ಎರಡನೆಯ ಹೆಸರೇ ಕೇಸಿನ ಬೆನ್ನೆಲುಬು. ಗುತ್ತಿಗೆದಾರನಿಗೆ ಐನೂರರ ಕೇಸು ಲೆಕ್ಕಕ್ಕಿಲ್ಲ. ಕಟ್ಟಡದವರಿಗೆ ಹಾಗಲ್ಲ, ಅವರಿಗೆ ಹೆಸರಿನ ಚಿಂತೆ, ಬಾಡಿಗೆಗೆ ಇರುವ ಅಂಗಡಿಯವರ ಚಿಂತೆ. ಆಗ ರಿಜಿಸ್ಟರ್ಡ್ ಎ.ಡಿ. (ಪತ್ರ ಮುಟ್ಟಿದ್ದಕ್ಕೆ ಸಹಿಯಾದ ಕಾರ್ಡು ವಾಪಸ್ ಬರುವ ಅಂಚೆ) ಇತ್ತು, 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ. ಎರಡಕ್ಕೂ ಸೇರಿ ನೂರರ ಹತ್ತಿರ ಖರ್ಚಾಯಿತು. ಹದಿನೈದು ದಿನ ಗಡುವು ಕೊಟ್ಟೆ. ನೋಟಿಸಿನ ಕೊನೆಗೆ ನಾನು ಸೇರಿಸುವ ಒಂದು ವಾಕ್ಯ ಉಂಟು, ಅದರಿಂದಾಗಿ ಉತ್ತರ ಬಂದೇ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಕೇಸು ನಡೆಯುತ್ತಿದೆ, ಅದು ಮುಗಿಯಲಿ.

ಉತ್ತರ ಬಂತು, ಗುತ್ತಿಗೆದಾರರ ಕಡೆಯಿಂದ, ನಾಲ್ಕು ಸಾಲು: ಬೋರ್ಡು ಉಂಟು, ನಿಯಮ ಉಂಟು, ಹಣ ವಾಪಸ್ ಇಲ್ಲ.

ಬೋರ್ಡು ಇತ್ತು ನಿಜ. ಎಲ್ಲಿ ಇತ್ತು ಎಂಬುದು ಮುಖ್ಯ. ಮಾರನೆಯ ಭಾನುವಾರ ಭಾವನನ್ನು ಕರೆದುಕೊಂಡು ಹೋಗಿ, ರಸ್ತೆಯಿಂದ ತಿರುಗುವಲ್ಲಿಂದ ಚೀಟಿ ತೆಗೆಯುವ ಮೆಶಿನ್ನಿನವರೆಗೆ ಚಾಲಕನ ಸೀಟಿನ ಎತ್ತರದಿಂದ ವಿಡಿಯೋ ಮಾಡಿಸಿದೆ. ದಂಡದ ಬೋರ್ಡು ಕಾಣಿಸುವುದು ಗೇಟು ದಾಟಿ, ಇಳಿಜಾರು ಇಳಿದು, ಕಂಬದ ಆಚೆ ತಿರುಗಿದ ಮೇಲೆ. ಅಷ್ಟರಲ್ಲಿ ಚೀಟಿ ಕೈಯಲ್ಲಿ ಇರುತ್ತದೆ, ಹಿಂದೆ ಕಾರು ಇರುತ್ತದೆ, ಹಿಂದಕ್ಕೆ ಹೋಗುವ ದಾರಿ ಇಲ್ಲ. ಇಂಗ್ಲೆಂಡಿನಲ್ಲಿ 1970ರಲ್ಲೇ ಇದೇ ಮಾತು ಪಾರ್ಕಿಂಗ್ ಮೆಶಿನ್ನಿನ ವಿಷಯದಲ್ಲೇ ತೀರ್ಮಾನ ಆಗಿದೆ: ಮೆಶಿನ್ನು ಚೀಟಿ ಕೊಟ್ಟಾಗಲೇ ಕರಾರು ಆಗಿಬಿಟ್ಟಿತು, ಆಮೇಲೆ ಕಾಣುವ ಷರತ್ತು ಗಿರಾಕಿಯನ್ನು ಕಟ್ಟಿಹಾಕುವುದಿಲ್ಲ. ಥಾರ್ನ್‌ಟನ್ ವಿರುದ್ಧ ಶೂ ಲೇನ್ ಪಾರ್ಕಿಂಗ್, ಲಾರ್ಡ್ ಡೆನ್ನಿಂಗ್ ಅವರ ತೀರ್ಪು.

ಈ ನಡುವೆ ಮಾಹಿತಿ ಹಕ್ಕಿನಲ್ಲಿ ಕಟ್ಟಡದ ಮಂಜೂರಾದ ನಕ್ಷೆಯನ್ನೂ ಕೇಳಿದೆ. ಮೊದಲ ಅರ್ಜಿ ವಾಪಸ್ ಬಂತು, ತಪ್ಪು ನನ್ನದೇ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ. ನಾನು ನಕ್ಷೆ, ಲೈಸೆನ್ಸು, ತೆರಿಗೆ ಮೂರನ್ನೂ ಒಟ್ಟಿಗೆ ಕೇಳಿ ಎರಡು ಪುಟ ಬರೆದಿದ್ದೆ. ಬೇರೆ ಬೇರೆ ಮೂರು ಅರ್ಜಿ ಹಾಕಿದೆ, ತಲಾ ಹತ್ತು ರೂಪಾಯಿ, ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. ತಿಂಗಳೊಳಗೆ ನಕ್ಷೆ ಸಿಕ್ಕಿತು. ನಾವು ಕಾರು ನಿಲ್ಲಿಸಿದ ನೆಲಮಾಳಿಗೆ ಕಟ್ಟಡದ ಪಾರ್ಕಿಂಗ್ ಅಂತಲೇ ತೋರಿಸಿ ಮಂಜೂರಾದದ್ದು. ನಿಜ ಹೇಳಬೇಕೆಂದರೆ ಆದೇಶದಲ್ಲಿ ಈ ನಕ್ಷೆಯ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ದೂರಿನ ಜೊತೆ ಅದನ್ನು ನೋಡಿದ ಮೇಲೆ ಕಟ್ಟಡದವರ ಮಾತಿನ ಧಾಟಿ ಬದಲಾಯಿತು. ಖರ್ಚು ಎಲ್ಲ ಸೇರಿ ಎಪ್ಪತ್ತೋ ಎಂಬತ್ತೋ, ನಷ್ಟ ಇಲ್ಲ.

2024ರ ನವೆಂಬರಿನಲ್ಲಿ ಗ್ರಾಹಕ ದೂರುಗಳ ಸರ್ಕಾರಿ ಪೋರ್ಟಲ್ ಇ-ದಾಖಿಲ್‌ನಲ್ಲಿ ದೂರು ಹಾಕಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ನಾವು ವಾಸ ಇರುವ ಊರಲ್ಲೇ ಹಾಕಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇಷ್ಟು ದಾರಿ ಮಾಡಿಕೊಟ್ಟ ಮೇಲೂ ಐನೂರು ರೂಪಾಯಿಗೆ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ: ಇಂಥ ಐನೂರಕ್ಕಾಗಿಯೇ ಅದು ಇರುವುದು.

ಇಲ್ಲಿ ಒಂದು ಹಳ್ಳಕ್ಕೆ ಬಿದ್ದೆ, ನೀವು ಬೀಳಬೇಡಿ. ಮೊದಲ ಕರಡಿನಲ್ಲಿ ನಾನು ದೊಡ್ಡದಾಗಿ "ಅನ್ಯಾಯದ ಕರಾರು" ಅಂತ ಬರೆದಿದ್ದೆ. ಕಾಯ್ದೆಯಲ್ಲಿ ಆ ಶಬ್ದ ಉಂಟು, ಸರಿ. ಆದರೆ ಅನ್ಯಾಯದ ಕರಾರು ಅಂತ ಘೋಷಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ಅದಕ್ಕೆ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಆಕ್ಷೇಪ ಬಂತು. ಎರಡು ರಾತ್ರಿ ಕೂತು ಪೂರ್ತಿ ಬದಲಿಸಿ "ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ" ಅಂತ ಮಾಡಿದೆ. ರಸೀದಿ ಸರಿಯಾಗಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯಲ್ಲೇ ಬರುತ್ತದೆ, ಆ ತುಂಡು ಕಾಗದ ಅಲ್ಲಿ ಕೂತಿತು. ಹೊಸ ಅಫಿಡವಿಟ್ಟು (ಪ್ರಮಾಣ ಮಾಡಿ ಬರೆದ ಹೇಳಿಕೆ), ನೋಟರಿ, ಮತ್ತೆ ನಾಲ್ಕು ಪ್ರತಿ ಜೆರಾಕ್ಸ್, ಇನ್ನೂ ನಾನೂರು ಚಿಲ್ಲರೆ ಹೋಯಿತು. ಹೊಸ ವರ್ಷಕ್ಕೆ ಪೋರ್ಟಲ್ ಇ-ಜಾಗೃತಿ ಆಯಿತು, ಅಲ್ಲಿ ಮತ್ತೆ ಲಾಗಿನ್ ಮಾಡಿ ಕೇಸಿನ ಸಂಖ್ಯೆ ಹುಡುಕಿಕೊಂಡೆ.

ಫೋಟೋ, ಸ್ಕ್ರೀನ್‌ಶಾಟುಗಳಿಗೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರ ಹಾಕಿದೆ. 2024ರ ಜುಲೈ 1ರಿಂದ ಅದು ಎರಡು ಭಾಗ, ಒಂದು ನಾವು ಸಹಿ ಮಾಡುವುದು, ಇನ್ನೊಂದು ತಜ್ಞರದ್ದು, ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲಿನ ಬೆರಳಚ್ಚಿನಂಥ ಗುರುತು) ಬರೆಯಬೇಕು. ಕಂಪ್ಯೂಟರ್ ವಿಷಯ ಪಾಠ ಮಾಡುವ ಗೆಳೆಯರೊಬ್ಬರು ಸಹಿ ಹಾಕಿಕೊಟ್ಟರು. ಗ್ರಾಹಕ ಆಯೋಗದಲ್ಲಿ ಇದನ್ನು ಅಷ್ಟು ಬಿಗಿಯಾಗಿ ನೋಡುವುದಿಲ್ಲ. ಆದರೂ ಎದುರಿನ ವಕೀಲರು "ಫೋಟೋ ಸೃಷ್ಟಿಸಿದ್ದು" ಅನ್ನಲು ಬಾಯಿ ತೆರೆದಾಗ ಆ ಹಾಳೆ ಕೆಲಸ ಮಾಡಿತು.

ಗುತ್ತಿಗೆದಾರರು ತಮ್ಮ ಲಿಖಿತ ಹೇಳಿಕೆ ತಂದದ್ದು ಆಯೋಗದ ನೋಟಿಸು ಮುಟ್ಟಿದ ಐವತ್ತು ದಿನ ದಾಟಿದ ಮೇಲೆ. ಮೂವತ್ತು ದಿನ, ಹೆಚ್ಚೆಂದರೆ ಇನ್ನು ಹದಿನೈದು, ಅದರಾಚೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ. ತೀರ್ಪಿನ ಪ್ರತಿ ನನ್ನ ಚೀಲದಲ್ಲೇ ಇತ್ತು. ಅವರ ಹೇಳಿಕೆಯನ್ನು ಕಡತಕ್ಕೆ ಸೇರಿಸಲಿಲ್ಲ. ಉಳಿದದ್ದು ಕಟ್ಟಡದವರ ವಕೀಲರು, ಅವರು ತಯಾರಿ ಮಾಡಿಕೊಂಡೇ ಬಂದಿದ್ದರು.

ವಾದದ ದಿನ ಅವರು ತೆಗೆದದ್ದು ಇಂಗ್ಲೆಂಡಿನ 2015ರ ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ತೀರ್ಪು. ಚೆಲ್ಮ್ಸ್‌ಫರ್ಡಿನ ಒಂದು ಅಂಗಡಿ ಸಮುಚ್ಚಯ, ಎರಡು ಗಂಟೆ ಉಚಿತ, ಬೀವಿಸ್ ಎಂಬಾತ 56 ನಿಮಿಷ ಹೆಚ್ಚು ನಿಲ್ಲಿಸಿದ, 85 ಪೌಂಡ್ ಹಾಕಿದರು, ಅಲ್ಲಿಯ ಸುಪ್ರೀಂ ಕೋರ್ಟು ಅದು ದಂಡ ಅಲ್ಲ, ಕೊಡಲೇಬೇಕು ಅಂದಿತು. ಖಾಸಗಿ ಪಾರ್ಕಿಂಗಿನವರ ಕೈಯಲ್ಲಿರುವ ದೊಡ್ಡ ಆಯುಧ ಅದು. ನನಗೆ ಅದು ಬರುತ್ತದೆ ಅಂತ ಗೊತ್ತಿತ್ತು, ಮೂರು ತಿಂಗಳು ಅದನ್ನೇ ಓದಿದ್ದೆ.

ನಾನು ಹೇಳಿದ್ದು ಹೀಗೆ. ಅಲ್ಲಿ ಜಾಗ ಉಚಿತ, ಹೆಚ್ಚು ಹೊತ್ತು ನಿಲ್ಲಿಸಿದರೆ ಬೇರೆ ಗಿರಾಕಿಗಳಿಗೆ ಜಾಗ ಇಲ್ಲ, ಅದಕ್ಕೆ ಆ ಮೊತ್ತ. ಇಲ್ಲಿ ನಾನು ನಿಂತಷ್ಟು ಹೊತ್ತಿಗೆ 40 ಕೊಟ್ಟಿದ್ದೇನೆ, ಬೇರೆ ಕೊಟ್ಟಿದ್ದೇನೆ, ರಸೀದಿ ಉಂಟು. ಎರಡನೆಯದು, ನಮ್ಮಲ್ಲಿ 1872ರ ಕರಾರು ಕಾಯ್ದೆಯ 74ನೇ ಕಲಂ ಉಂಟು. ಇಂಗ್ಲೆಂಡಿನವರು ದಂಡ ಮತ್ತು ಮೊದಲೇ ನಿಗದಿ ಮಾಡಿದ ನಷ್ಟ ಅಂತ ಮಾಡುವ ಭೇದವನ್ನು ಆ ಕಲಂ ತೆಗೆದುಹಾಕಿದೆ, ಫತೇಚಂದ್ ಪ್ರಕರಣದಲ್ಲಿ 1963ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ಸಮಂಜಸವಾದ ಪರಿಹಾರ. 2015ರ ಕೈಲಾಶ್‌ನಾಥ್ ತೀರ್ಪು ಇನ್ನೂ ಮುಂದೆ ಹೋಗಿ, ನಷ್ಟವನ್ನು ಸಾಬೀತು ಮಾಡಲು ಸಾಧ್ಯ ಇರುವಲ್ಲಿ ಸಾಬೀತು ಮಾಡಲೇಬೇಕು ಅಂದಿದೆ. ಆಮೇಲೆ ಆ ಪರದೆಯ ಫೋಟೋ ಮುಂದೆ ಇಟ್ಟೆ. ನನ್ನ ಕಾರಿನ ನಂಬರು, ಒಳಗೆ ಬಂದ ಹೊತ್ತು ಅವರ ಹತ್ತಿರವೇ ಇತ್ತು. ಚೀಟಿ ಇದ್ದಿದ್ದರೂ 40, ಇಲ್ಲದಿದ್ದರೂ 40. ನಷ್ಟ ಎಷ್ಟು?

ವಕೀಲರು ಬೋರ್ಡಿನ ಮಾತಿಗೆ ಹೋದರು. ಆಗ ನಾನು 2019ರ ನವೆಂಬರಿನ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಕೊಟ್ಟೆ. ದೆಹಲಿಯ ಹೋಟೆಲೊಂದರಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಕೊಟ್ಟ ಕಾರು ಕಳವಾದದ್ದು. "ಮಾಲೀಕರ ಜವಾಬ್ದಾರಿ" ಅಂತ ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ನನ್ನ ವಿಷಯಕ್ಕೆ ಅದು ನೇರ ಹೊಂದುವುದಿಲ್ಲ, ಬೋರ್ಡಿನಲ್ಲಿ ಬರೆದದ್ದೆಲ್ಲ ಕಾನೂನಲ್ಲ ಅಂತ ತೋರಿಸಲು ಸಾಕಾಯಿತು. ಇದೇ ತೀರ್ಪು ನನ್ನ ಗೆಳೆಯನಿಗೆ ಬೇರೆ ರೀತಿಯಲ್ಲಿ ಉಪಯೋಗ ಆಗಿದೆ. ಹಣ ಕೊಟ್ಟು ನಿಲ್ಲಿಸಿದ ಸ್ಕೂಟರಿನ ಸೈಡ್ ಬಾಕ್ಸ್ ಒಡೆದು ಹೆಲ್ಮೆಟ್ ಕದ್ದಿದ್ದರು. ನಾನು ಒಂದು ಪುಟದ ಪತ್ರ ಬರೆದುಕೊಟ್ಟೆ, ಹತ್ತು ದಿನದಲ್ಲಿ 1,200 ಕೊಟ್ಟು ಮುಗಿಸಿದರು.

ರಾಜಿಗೂ ಕರೆದಿದ್ದರು. ವಾದಕ್ಕೆ ಎರಡು ವಾರ ಮೊದಲು ಕಟ್ಟಡದವರ ಕಡೆಯ ಒಬ್ಬರು 2,000 ಕೊಡುತ್ತೇವೆ, ಹಿಂದೆ ತೆಗೆದುಕೊಳ್ಳಿ ಅಂದರು. ನನ್ನ ಖರ್ಚು ಆಗ ಹೆಚ್ಚುಕಡಿಮೆ 1,600 ಆಗಿತ್ತು, ಅರ್ಧ ದಿನದ ರಜೆ ಐದಾರು ಬೇರೆ. ದುಡ್ಡಿನ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಕಿತ್ತು. ಹೆಂಡತಿ "ಇಷ್ಟು ದೂರ ಬಂದಾಗಿದೆ, ಬೋರ್ಡು ತೆಗೆಯುತ್ತಾರಾ ಕೇಳಿ" ಅಂದಳು. ಕೇಳಿದೆ. ಅದು ಆಗುವುದಿಲ್ಲ ಅಂದರು. ಹಾಗಾದರೆ ಆದೇಶವೇ ಆಗಲಿ ಅಂದೆ.

ಆದೇಶ 2025ರ ಅಕ್ಟೋಬರಿನಲ್ಲಿ ಬಂತು. 500 ವಾಪಸ್, 4,000, 2,000, ಇಬ್ಬರೂ ಜಂಟಿಯಾಗಿ ಹೊಣೆ, ನಲವತ್ತೈದು ದಿನದೊಳಗೆ. ಅಪೀಲು ಹೋಗಬೇಕಾದರೆ ಅರ್ಧ ಮೊತ್ತ ಠೇವಣಿ ಇಡಬೇಕು, ಇಷ್ಟು ಸಣ್ಣ ಮೊತ್ತಕ್ಕೆ ಬೆಂಗಳೂರಿಗೆ ಯಾರು ಹೋಗುತ್ತಾರೆ? ಆದೇಶ ಪಾಲಿಸದಿದ್ದರೆ ಗ್ರಾಹಕ ಕಾಯ್ದೆಯ 72ನೇ ಕಲಮಿನಲ್ಲಿ ಜೈಲು ಕೂಡ ಉಂಟು, ಆದೇಶ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯನ್ನು ನಾನು ಟೈಪ್ ಮಾಡಿ ಇಟ್ಟಿದ್ದೆ. ನಲವತ್ತನೆಯ ದಿನದ ಹೊತ್ತಿಗೆ ಹಣ ಬಂತು, ಕಟ್ಟಡದವರ ಖಾತೆಯಿಂದ. ಭಾವನಿಗೆ ಮೆಸೇಜ್ ತೋರಿಸಿದೆ. ಅವರು ಎರಡು ಸಲ ಓದಿ, ತಮ್ಮ ಹಳೆಯ ಒಂದು ಚೀಟಿ ಹುಡುಕಿಕೊಂಡು ಬಂದರು.

ಹದಿನೈದು ದಿನ ಬಿಟ್ಟು ಅಲ್ಲಿಗೆ ಹೋದಾಗ ಹಳೆಯ ಬೋರ್ಡು ಇರಲಿಲ್ಲ. ಹೊಸದು ಗೇಟಿನ ಹೊರಗೆ, ಚೀಟಿ ತೆಗೆಯುವ ಮೊದಲೇ ಕಾಣುವ ಜಾಗದಲ್ಲಿ ಉಂಟು: "ಚೀಟಿ ಕಳೆದಲ್ಲಿ ಆರ್.ಸಿ. ತೋರಿಸಿ, ನಿಂತ ಅವಧಿಯ ಶುಲ್ಕ ಮಾತ್ರ." ಕೊಪ್ಪಳದ ಹುಡುಗ ಗೇಟಿನಲ್ಲೇ ಇದ್ದ. ಚೀಟಿ ಲೆಕ್ಕಕ್ಕೆ ಈಗ ಸಂಬಳದಿಂದ ಹಿಡಿಯುತ್ತಾರಾ ಅಂತ ಕೇಳಿದೆ. "ಇಲ್ರಿ, ಈಗ ಕ್ಯಾಮೆರಾ ಲೆಕ್ಕ ಅಷ್ಟ" ಅಂದ.

ಈಗ ನಡೆಯುತ್ತಿರುವುದು ಗಡಿಯಾರದ ಕೇಸು, ಬೇರೆ ಜಾಗದ್ದು. ಚೀಟಿಯಲ್ಲಿ ಹೊರಗೆ ಹೋದ ಹೊತ್ತು 6:04, ಅದೇ ಗೇಟಿನಲ್ಲಿ ನಿಂತು ಕಟ್ಟಿದ ಯುಪಿಐ ಸಮಯ 5:57. ಏಳು ನಿಮಿಷ ಮುಂದೆ. ಒಳಗೆ ಬರುವ ಗೇಟಿನ ಮೆಶಿನ್ನಿನ ಗಡಿಯಾರ ಸರಿ ಇದೆ, ಹೊರಗಿನದ್ದು ಮಾತ್ರ ಮುಂದೆ ಓಡುತ್ತದೆ, ಹಾಗಾಗಿ ಐವತ್ತೈದು ನಿಮಿಷ ನಿಂತವನಿಗೆ ಎರಡನೆಯ ಗಂಟೆಯ ಶುಲ್ಕ ಬೀಳುತ್ತದೆ. ಇಪ್ಪತ್ತಮೂರು ಚೀಟಿ ಸೇರಿಸಿದ್ದೇನೆ, ಇಪ್ಪತ್ತೊಂದರಲ್ಲಿ ಇದೇ ಕಥೆ. ಎಲ್ಲ ಭಾನುವಾರದ್ದು, ಎಲ್ಲ ನನ್ನ ಸ್ವಂತ ದುಡ್ಡಿನದ್ದು, ಎಲ್ಲ ಪುಸ್ತಕದೊಳಗೆ ಇಟ್ಟದ್ದು. ನೋಟಿಸು ಮೊನ್ನೆ ಹೋಯಿತು, ಈ ಸಲವೂ ಇಬ್ಬರಿಗೆ.